ಏನ್ರೀ ವಿಶೇಷ?

ಜಾಲಹಳ್ಳಿ
೧೪-೮-೧೯೮೩

ಸತ್ಯಕ್ಕನಿಗೆ ತಂಗಿ ವತ್ಸಲಾಳ ನಮಸ್ಕಾರ. ನನ್ನ ಮೂಗೊಂದನ್ನು ಬಿಟ್ಟು ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಮನಸಾರೆ ಬೈದುಕೋ.

ನನ್ನ ನಾಲ್ಕು ವರ್ಷದ ಸೈನಸ್ ಕಥೆ ನಿನಗೆ ಗೊತ್ತೇ ಇದೆ. ಪಲ್ಯ ಸೀದರೂ ತಿಳಿಯುತ್ತಿರಲಿಲ್ಲ. ಜೂನ್‌ನಲ್ಲಿ ಫ್ಯಾಕ್ಟರಿ ಆಸ್ಪತ್ರೆಯ ಡಾಕ್ಟರು ಸ್ಟೀರಾಯ್ಡ್ ಮಾತ್ರೆ ಕೊಟ್ಟರು. ವಾರ ಕಳೆಯುವಷ್ಟರಲ್ಲಿ ಒಗ್ಗರಣೆಯ ಇಂಗಿನ ವಾಸನೆ ಬಂತು ಅಕ್ಕ! ಒಲೆಯ ಮುಂದೆ ನಿಂತು ಅತ್ತುಬಿಟ್ಟೆ.

ಆದರೆ ಮಾತ್ರೆ ಬರೀ ಮೂಗಿಗೆ ಹೋಗುವುದಿಲ್ಲವಲ್ಲ. ಹೊತ್ತುಗೊತ್ತಿಲ್ಲದ ಹಸಿವು. ಮುಖ ಪೂರಿಯಂತೆ ಉಬ್ಬಿತು. ಪಕ್ಕದ ಕ್ವಾರ್ಟರ್ಸಿನ ಅಶ್ವತ್ಥಮ್ಮ ನಲ್ಲಿಯ ಹತ್ತಿರ, "ಮುಖ ತುಂಬ್ಕೊಂಡಿದೆ, ಏನ್ರೀ ವಿಶೇಷ?" ಎಂದರು. ಮೂಗಿನ ಖುಷಿಯಲ್ಲಿದ್ದ ನಾನು, "ಹೂಂ ಕಣ್ರೀ, ಇಷ್ಟು ವರ್ಷ ಆದ್ಮೇಲೆ! ಎಲ್ಲಾ ಡಾಕ್ಟ್ರ ಪುಣ್ಯ" ಎಂದುಬಿಟ್ಟೆ. ಅವರು ಕೇಳಿದ್ದು ಬಸಿರಿನ ವಿಷಯ! ನಾನು ಕೊಡ ಹೊತ್ತು ಬರುವಷ್ಟರಲ್ಲಿ ಸುದ್ದಿ ನಮ್ಮ ಅತ್ತೆಗೆ ಮುಟ್ಟಿತ್ತು.

ನಿಜ ತಿಳಿದ ಮೇಲೆ ಅತ್ತೆ ಹಾರಾಡಿದರು. "ಜನಕ್ಕೆ ಹೆಂಗೆ ಮುಖ ತೋರಿಸ್ಲಿ? ಇವತ್ತೇ ನಿಲ್ಲಿಸು ಆ ಮಾತ್ರೆ!" ನಮ್ಮವರು ಪೇಪರಿನ ಹಿಂದಿನಿಂದಲೇ "ಅಮ್ಮ ಹೇಳ್ದಂಗೆ ಮಾಡು" ಎಂದರು. ಗಂಡಸರಿಗೆ ಪೇಪರ್ ಬೇಕಾಗುವುದೇ ಇಂಥ ಹೊತ್ತಿಗೆ. "ಇದನ್ನ ಥಟ್ಟಂತ ನಿಲ್ಲಿಸೋ ಹಾಗಿಲ್ಲ. ಮೂಗು ನಂದು, ಮುಖಾನೂ ನಂದು" ಎಂದು ಹೇಳಿ ಒಬ್ಬಳೇ ಡಾಕ್ಟರ ಹತ್ತಿರ ಹೋದೆ.

ಅವರು ಬಿಡಿಸಿ ಹೇಳಿದರು. ಮಾತ್ರೆ ಬೇಗ ಕೆಲಸ ಮಾಡುತ್ತದೆ. ಆದರೆ ಬಹಳ ಕಾಲ ನುಂಗಿದರೆ ಮೂಳೆ ಸವೆಯಬಹುದು, ರಕ್ತದಲ್ಲಿ ಸಕ್ಕರೆ ಏರಬಹುದು. ಮೂಗಿಗೆ ಹೊಡೆದುಕೊಳ್ಳುವ ಸ್ಪ್ರೇ ನಿಧಾನ, ಕೆಲವರಿಗೆ ಮೂಗಿನಲ್ಲಿ ರಕ್ತ ಬರುತ್ತದೆ. ಮೈಗೆಲ್ಲ ಹರಡುವುದು ಮಾತ್ರ ಕಡಿಮೆ. ವಾಸನೆ ಉಳಿಯುತ್ತದೆಂಬ ಖಾತ್ರಿ ಇಲ್ಲ. ನಾನು ಸ್ಪ್ರೇ ಆರಿಸಿಕೊಂಡೆ. ಅವರು ಹೇಳಿದಂತೆ ಮಾತ್ರೆಯನ್ನು ವಾರವಾರವೂ ಇಳಿಸುತ್ತಿದ್ದೇನೆ.

ಮುಖ ಇಳಿಯುವವರೆಗೆ ಮನೆಯೊಳಗೆ ಇರು ಎಂದರು ಅತ್ತೆ. ದಿನಾ ನಲ್ಲಿಗೆ ನಾನೇ ಹೋಗುತ್ತೇನೆ. ಕೇಳಿದವರಿಗೆ "ಸೈನಸ್ ಕಣ್ರೀ" ಎಂದು ಗಟ್ಟಿಯಾಗಿಯೇ ಹೇಳುತ್ತೇನೆ.

ಭಾವನವರಿಗೆ ನಮಸ್ಕಾರ. ನಿನ್ನ ಮಕ್ಕಳಿಬ್ಬರಿಗೂ ಈ ಚಿಕ್ಕಮ್ಮನ ಆಶೀರ್ವಾದ, ನೂರು ಕಾಲ ಚೆನ್ನಾಗಿರಲಿ.

ನಿನ್ನ
ವತ್ಸಲಾ

ವಿ.ಸೂ.: ಅತ್ತೆಗೆ ನಿಜ ಹೇಳಿದ್ದು ಅದೇ ದಿನವಲ್ಲ ಅಕ್ಕ, ನಾಲ್ಕು ದಿನ ಬಿಟ್ಟು. ಮದುವೆಯಾದ ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವರು ನನ್ನನ್ನು ಮಣೆಯ ಮೇಲೆ ಕೂರಿಸಿ, ತಲೆ ಬಾಚಿ, ಮಲ್ಲಿಗೆ ಮುಡಿಸಿದರು. ನನಗೆ ಆ ಹೂವಿನ ವಾಸನೆಯೂ ಬರುತ್ತಿತ್ತು. ಹೇಗೆ ಬಾಯಿ ಬಿಡಲಿ, ಹೇಳು?