ದೂಜನದಕ್ಕಿಂತ ದೊಡ್ಡ ಪರದೆ

ಬೈಕುಲ್ಲಾ, ಮುಂಬಯಿ
೨೮ ನವೆಂಬರ್ ೧೯೯೧, ಗುರುವಾರ

ಪ್ರೀತಿಯ ಅಮ್ಮಾ,

ನಿನ್ನ ಪಾದಗಳಿಗೆ ಸದಾನಂದನ ನಮಸ್ಕಾರ. ಕಣ್ಣಿನ ಔಷಧ ಹೊತ್ತಿಗೆ ಸರಿಯಾಗಿ ಬೀಳುತ್ತಿದೆಯೇ? ಮೊಣಕಾಲಿನ ನೋವು ಹೇಗಿದೆ? ಬಲಗಣ್ಣಿನ ಪೊರೆ ಇನ್ನಷ್ಟು ದಪ್ಪವಾಗಿದೆ, ಈಗ ಮಲ್ಲಿಗೆ ಮೊಗ್ಗನ್ನು ಬೆರಳಿನಲ್ಲೇ ತಡವಿ ನಾರಿಗೆ ಸೇರಿಸುತ್ತೀ ಎಂದು ಪ್ರಫುಲ್ಲಾ ಬರೆದಿದ್ದಳು. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಹೂ ಕಟ್ಟುವುದನ್ನು ಸ್ವಲ್ಪ ದಿನ ನಿಲ್ಲಿಸು ಎಂದರೆ ನೀನು ಕೇಳುವವಳಲ್ಲ, ಹಾಗಾಗಿ ಹೇಳುವುದಿಲ್ಲ. ಈ ಕಾಗದವನ್ನು ನಿನಗೆ ಓದಿ ಹೇಳುತ್ತಿರುವುದು ನನ್ನ ತಂಗಿಯೇ ಎಂದು ಗೊತ್ತು, ಅವಳಿಗೂ ಒಂದು ಮಾತು: ಪ್ರಫುಲ್ಲಾ, ಬರೆದದ್ದನ್ನು ಬರೆದ ಹಾಗೆಯೇ ಓದು. ದೂಜನ ಮೇಲೆ ನಾನೇನಾದರೂ ಹೇಳಿದ ಕಡೆ ಹಾರಿಸಿ ಮುಂದೆ ಹೋಗುವ ಅಭ್ಯಾಸ ನಿನಗುಂಟು.

ಸುಗಂಧಿಯ ಮದುವೆ ನಿನ್ನ ಆಶೀರ್ವಾದದಿಂದ ಚೆನ್ನಾಗಿ ನಡೆಯಿತು. ಮೊದಲ ಮೊಮ್ಮಗಳ ಮದುವೆಯಲ್ಲಿ ಅಜ್ಜಿ ಇರಲಿಲ್ಲ ಎಂಬುದೊಂದನ್ನು ಬಿಟ್ಟರೆ ಬೀಗರೂ ಕೊರತೆ ಹುಡುಕಲಿಲ್ಲ. ಹುಡುಕಲು ಪ್ರಯತ್ನಪಟ್ಟರು, ಸಿಗಲಿಲ್ಲ. ಹುಡುಗಿ ಹೊಸ ಮನೆಯಲ್ಲಿ ಸುಖವಾಗಿದ್ದಾಳೆ. ಮದುವೆಯ ಕ್ಯಾಸೆಟ್ ಯಾಕೆ ಇನ್ನೂ ಬಂದಿಲ್ಲ ಎಂದು ನೀನು ಕೇಳಿಸಿದ್ದೀ. ಅರ್ಧ ಮುಂಬಯಿಯ ಕನ್ನಡಿಗರ ಮದುವೆಗೆ ಕ್ಯಾಸೆಟ್ ಮಾಡಿಕೊಡುವವನು ಸ್ವಂತ ಮಗಳದ್ದನ್ನು ತಡಮಾಡಿದ್ದಾನೆಂದರೆ ಕಾರಣ ಬೇಕು. ಕಾರಣ ಒಂದು ಪರದೆ. ಆ ಪರದೆಗೆ ಕಾರಣ ದೂಜ. ಅವನಿಂದಲೇ ಶುರು ಮಾಡುತ್ತೇನೆ.

ನಿನಗೆ ಗೊತ್ತಿಲ್ಲದ್ದೇನೂ ಅಲ್ಲ, ಆದರೂ ನನ್ನ ಲೆಕ್ಕ ನಾನು ಒಪ್ಪಿಸಬೇಕು. ದೊಡ್ಡಮ್ಮ ಬಾಣಂತಿತನದಲ್ಲೇ ತೀರಿಕೊಂಡಾಗ ದೂಜ ಎಳೆಕೂಸು, ನಾನಿನ್ನೂ ಹಾಲು ಬಿಟ್ಟಿರಲಿಲ್ಲ. ನೀನು ಅಕ್ಕನ ಮಗನನ್ನೂ ಮಡಿಲಿಗೆ ಹಾಕಿಕೊಂಡೆ. ನನ್ನ ಪಾಲಿನಲ್ಲಿ ಅರ್ಧ ಅಂದೇ ಅವನ ಖಾತೆಗೆ ಹೋಯಿತು. ಇಬ್ಬರೂ ಒಟ್ಟಿಗೆ ಮುಂಬಯಿಗೆ ಬಂದೆವು, ಬೈಕುಲ್ಲಾದ ಒಂದೇ ಹೋಟೆಲಿನಲ್ಲಿ ಮೇಜು ಒರೆಸಿದೆವು, ಒಂದೇ ರಾತ್ರಿಶಾಲೆಯ ಬೆಂಚಿನಲ್ಲಿ ತೂಕಡಿಸಿದೆವು. ನಾನು ಮೊದಲ ಸಲ ವಿಡಿಯೊ ಕ್ಯಾಮರಾ ಹಿಡಿದಾಗ ಪಕ್ಕದಲ್ಲಿ ಲೈಟು ಎತ್ತಿ ನಿಂತವನು ಅವನು. ಈಗ ಗೋರೆಗಾಂವ್‌ನಲ್ಲಿ ಅವನದೇ ಸ್ಟುಡಿಯೊ, ಸಿನೆಮಾದವರ ಓಡಾಟ, ಬಿಲ್ಡಿಂಗಿನ ನೆಲಮಹಡಿಯಲ್ಲಿ ಫ್ಲ್ಯಾಟು. ಕಟಪಾಡಿಯಲ್ಲಿ ನಿನ್ನ ಮನೆಗೆ ಟಿವಿ ತಂದುಕೊಟ್ಟವನೂ ಅವನೇ. ನನಗೆ ನೆನಪಿದೆ, ಪ್ರತಿ ಕಾಗದದಲ್ಲೂ ಬರೆಸಬೇಕಾಗಿಲ್ಲ.

ಮದುವೆಗೆ ಕರೆಯಲು ನಾನೂ ಶೀಲಾವತಿಯೂ ಅವನಲ್ಲಿಗೆ ಹೋಗಿದ್ದೆವು. ನನ್ನ ಹೆಂಡತಿ ಕುಂಕುಮದ ಬಟ್ಟಲು ಕೆಳಗಿಡುವಷ್ಟೂ ಪುರುಸೊತ್ತು ಕೊಡದೆ ಒಳಗೆ ಕರೆದುಕೊಂಡು ಹೋಗಿ ಕಂಪ್ಯೂಟರಿನ ಹೊಸ ಪರದೆ ತೋರಿಸಿದ. ಅಮ್ಮಾ, ಪರದೆ ಎಂದರೆ ನೀನು ಕಟ್ಟುವ ಮಲ್ಲಿಗೆಯ ಹಾಗೆ ಎಂದುಕೋ. ಒಂದು ಮೊಳ ನಾರಿಗೆ ಮೊಗ್ಗು ವಿರಳವಾಗಿ ಕಟ್ಟಿದರೆ ನಡುನಡುವೆ ನಾರು ಇಣುಕುತ್ತದೆ, ಒತ್ತಾಗಿ ಕಟ್ಟಿದರೆ ಹೂವೇ ಹೂವು. ಪರದೆಯಲ್ಲಿ ಮೊಗ್ಗಿನ ಬದಲು ಬೆಳಕಿನ ಚುಕ್ಕೆ. ಚುಕ್ಕೆ ಎಷ್ಟು ಒತ್ತಾಗಿದೆ ಎಂಬುದಕ್ಕೆ ನಮ್ಮ ಕಸುಬಿನಲ್ಲಿ ರೆಸೊಲ್ಯೂಶನ್ ಎನ್ನುತ್ತಾರೆ. ನನ್ನದು ಅಡ್ಡಕ್ಕೆ ಆರುನೂರ ನಲವತ್ತು, ಮೇಲಿನಿಂದ ಕೆಳಕ್ಕೆ ನಾನೂರ ಎಂಬತ್ತು. ಅವನ ಹೊಸದು ಎಂಟುನೂರು, ಆರುನೂರು. ಮದುವೆಯಾದಂದಿನಿಂದ ನನ್ನ ಯಾವ ಕೆಲಸವನ್ನೂ ಬಗ್ಗಿ ನೋಡದ ಶೀಲಾವತಿ ಅಂದು ಬಗ್ಗಿ ನೋಡಿದಳು. "ಎಷ್ಟು ಚೆಂದ ಕಾಣ್ತದೆ ದೂಜಣ್ಣ. ನಮ್ಮದರಲ್ಲಿ ಅಕ್ಷರದ ಅಂಚೆಲ್ಲ ಇಲಿ ಕಚ್ಚಿದ ಹಾಗೆ" ಎಂದಳು. ನನ್ನೆದುರಿಗೇ. ಅವನು ಸಣ್ಣಗೆ ನಕ್ಕು ಚಹಾ ತರಿಸಿದ. ಆಮೇಲೆ ಸಕ್ಕರೆ ಕಲಕುತ್ತ, ನಿಜವಾದ ಸುದ್ದಿ ಹೇಳುವವನ ಹಾಗಲ್ಲದೆ ಸುಮ್ಮನೆ ನೆನಪಾದವನ ಹಾಗೆ, "ಅಮ್ಮ ಕಣ್ಣಿನ ಆಪರೇಷನ್‌ಗೆ ಬಂದಾಗ ಇಲ್ಲೇ ಇರ್ತಾರಂತೆ ಸದಾ. ಇಲ್ಲಿ ನಿಮ್ಮಲ್ಲಿಯ ಹಾಗೆ ಮೆಟ್ಟಿಲಿಲ್ಲ ಅಲ್ವಾ" ಎಂದ.

ನಾನು ಚಹಾ ಕುಡಿದೆನೋ ಬಿಟ್ಟೆನೋ ನೆನಪಿಲ್ಲ. ಆಸ್ಪತ್ರೆ ಇರುವುದು ಪರೇಲ್‌ನಲ್ಲಿ. ಬೈಕುಲ್ಲಾದಿಂದ ಲೋಕಲ್ ಹತ್ತಿದರೆ ಕೂತ ಸೀಟು ಬಿಸಿಯಾಗುವ ಮೊದಲು ಪರೇಲ್ ಬರುತ್ತದೆ. ಗೋರೆಗಾಂವ್‌ನಿಂದಾದರೆ ದಾದರ್‌ನಲ್ಲಿ ಇಳಿದು, ಸೇತುವೆ ಹತ್ತಿ, ಆ ನೂಕುನುಗ್ಗಲಿನಲ್ಲಿ ಗಾಡಿ ಬದಲಿಸಬೇಕು, ಅದೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಹೆಂಗಸು. ಇದನ್ನೆಲ್ಲ ಯೋಚಿಸದೆ ನೀನು ಅವನಿಗೆ ಹೂಂ ಎಂದದ್ದಾದರೂ ಹೇಗೆ? ಹೆತ್ತ ಮಗನಿಗೆ ಈ ಸುದ್ದಿ ಸಿಕ್ಕಿದ್ದು ಅವನ ಮನೆಯ ಚಹಾದ ಜೊತೆಗೆ. ಹಿಂದಿರುಗುವ ಗಾಡಿಯಲ್ಲಿ ಶೀಲಾವತಿ ಅಂಧೇರಿಯಿಂದ ಬಾಂದ್ರಾದವರೆಗೂ ಅವನ ಪರದೆಯನ್ನು ಹೊಗಳಿದಳು. ದಾದರ್ ಬರುವಷ್ಟರಲ್ಲಿ ನಾನು ತೀರ್ಮಾನ ಮಾಡಿಯಾಗಿತ್ತು.

ಲ್ಯಾಮಿಂಗ್ಟನ್ ರೋಡಿನಲ್ಲಿ ನನಗೆ ಗೊತ್ತಿರುವ ಕಚ್ಛಿ ಅಂಗಡಿಯವನೊಬ್ಬನಿದ್ದಾನೆ. ಮೂರು ಬಗೆಯ ಪರದೆಗಳನ್ನು ಸಾಲಾಗಿ ಉರಿಸಿಟ್ಟು, "ಸೇಠ್, ಆಖಿರ್ ಮೇ ದೇಖನಾ ಕಿಸ್ ಪೇ ಹೈ?" ಎಂದು ಕೇಳಿದ. ಮಾಡಿದ ಕೆಲಸವನ್ನು ಜನ ಕೊನೆಗೆ ನೋಡುವುದು ಯಾವುದರ ಮೇಲೆ ಎಂದು ಅರ್ಥ. ಒಳ್ಳೆಯ ಪ್ರಶ್ನೆ. ನನ್ನ ತಲೆಯಲ್ಲಿ ಇದ್ದದ್ದು ಯಾವುದರ ಮೇಲೆ ಎಂಬುದಲ್ಲ, ಯಾರದ್ದಕ್ಕಿಂತ ಮೇಲೆ ಎಂಬುದು. ಎಂಟುನೂರಕ್ಕಿಂತ ಮೇಲಿನದು ಯಾವುದಿದೆ ಎಂದೆ. ಸಾವಿರದ ಇಪ್ಪತ್ತನಾಲ್ಕು, ಏಳುನೂರ ಅರವತ್ತೆಂಟರದ್ದು ಇದೆ, ಆದರೆ ಮದುವೆ ಕ್ಯಾಸೆಟ್ಟಿಗೆ ಅದು ಬೇಕಾಗಿಲ್ಲ ಎಂದ. ಬೇಕು ಎಂದೆ. ಬೆಲೆ ಬರೆಯುವುದಿಲ್ಲ, ಪ್ರಫುಲ್ಲಾ ಜೋರಾಗಿ ಓದುತ್ತಾಳೆ, ಬೇಲಿಯಾಚೆಯವರಿಗೆ ಕೇಳುತ್ತದೆ.

ಆ ಪರದೆ ನಮ್ಮ ಮನೆಯ ಕೆಳಗಿನ ಸ್ಟುಡಿಯೊಗೆ ಬಂದ ದಿನದ ಸುಖವನ್ನು ಮಾತ್ರ ನಾನು ಬಿಟ್ಟುಕೊಡಲಾರೆ. ಅಕ್ಷರ ಅಷ್ಟು ಸಣ್ಣದು, ಅಷ್ಟು ನುಣುಪು, ಬೆರಳಿಟ್ಟರೆ ಜಾರಬೇಕು. ಕ್ಯಾಸೆಟ್ಟಿನ ಮೊದಲಿಗೆ ಕುಟುಂಬದವರ ಹೆಸರು ಬರಬೇಕಲ್ಲ, ಹಳೆಯ ಪರದೆಯಲ್ಲಾದರೆ ಐದಾರು ಹೆಸರಿಗೊಂದು ಪುಟ. ಇದರಲ್ಲಿ ಇಡೀ ಕುಟುಂಬ ಒಂದೇ ಪುಟದಲ್ಲಿ ಹಿಡಿಯಿತು. ತುತ್ತತುದಿಯಲ್ಲಿ ಶ್ರೀಮತಿ ಕಲ್ಯಾಣಿ ಪೂಜಾರ್ತಿ ಎಂದು ನಿನ್ನ ಹೆಸರು. ಎಲ್ಲರ ಕೆಳಗೆ, ಕರೆಯುವವನು ತಗ್ಗಿಯೇ ನಿಲ್ಲಬೇಕಲ್ಲ, ನನ್ನದೂ ಶೀಲಾವತಿಯದೂ. ಅದರ ಅಡಿಗೆ ಕೂದಲೆಳೆಯಷ್ಟು ಸಣ್ಣ ಚಿನ್ನದ ಬಣ್ಣದ ಗೆರೆ. ದೂಜನ ಹೆಸರು ಪದ್ಧತಿಯಂತೆ ನನ್ನ ಪಕ್ಕ ಬರಬೇಕು. ಬಿಡುವಂತಿಲ್ಲ, ನೀನು ಪ್ರಫುಲ್ಲಾಳ ಕೈಯಲ್ಲಿ ಓದಿಸಿ ಕೇಳುತ್ತೀ. ಹಾಗಾಗಿ ಭಾವ, ಮೈದುನ, ಸೋದರತ್ತೆಯ ಮಕ್ಕಳ ರಾಶಿಯ ನಟ್ಟನಡುವೆ, ಇನಿಶಿಯಲ್ಲೂ ಇಲ್ಲದೆ, ಬರೀ ದೂಜ ಎಂದು ಹಾಕಿದೆ. ಇದೆ ಎಂದರೆ ಇದೆ, ಹುಡುಕುವವನು ಹುಡುಕಲಿ.

ಭಾನುವಾರ ನೆರೆಕರೆಯವರನ್ನೆಲ್ಲ ಕರೆದು ನಮ್ಮ ಟಿವಿಯಲ್ಲಿ ಕ್ಯಾಸೆಟ್ ಹಾಕಿದೆ. ಅಮ್ಮಾ, ಟಿವಿ ಎಂಬುದು ಚಿತ್ರದ ನಾಲ್ಕೂ ಅಂಚನ್ನು ತನ್ನ ಚೌಕಟ್ಟಿನೊಳಗೆ ನುಂಗಿಕೊಳ್ಳುತ್ತದೆ. ಸಾಲದ್ದಕ್ಕೆ ಅದು ಚಿತ್ರವನ್ನು ಒಂದು ಗೆರೆ ಬಿಟ್ಟು ಒಂದು ಗೆರೆ ಎಳೆಯುತ್ತದೆ, ಬಿಟ್ಟದ್ದನ್ನು ಮರುಕ್ಷಣ ತುಂಬುತ್ತದೆ. ತೀರ ಸಣ್ಣ ಗೆರೆಯಾದರೆ ಚಳಿಜ್ವರ ಬಂದ ಹಾಗೆ ನಡುಗುತ್ತದೆ. ನನಗೆ ಗೊತ್ತಿಲ್ಲದ್ದಲ್ಲ. ಹಳೆಯ ಪರದೆಯಲ್ಲಿ ಅಕ್ಷರ ತಾನಾಗಿಯೇ ದಪ್ಪ ಬರುತ್ತಿತ್ತು, ಅಂಚಿನಲ್ಲಿ ಜಾಗ ಬಿಡುವುದೂ ಕೈಗೆ ರೂಢಿಯಾಗಿತ್ತು. ಹೊಸದರ ಚೆಲುವು ನೋಡುತ್ತ ಮಾಡಿದ್ದನ್ನು ಮಹಡಿಯ ಮೇಲಿನ ಮನೆಯ ಟಿವಿಯಲ್ಲಿ ಹಾಕಿ ನೋಡುವುದನ್ನೇ ಬಿಟ್ಟಿದ್ದೆ. ಮೇಲೆ ನಿನ್ನ ಹೆಸರು ಹಾರಿಹೋಗಿ ಬರೀ ಒತ್ತಕ್ಷರಗಳು ನೇತಾಡುತ್ತಿದ್ದವು. ಕೆಳಗೆ ನನ್ನ ಹೆಸರಿನ ತಲೆಕಟ್ಟು ಮಾತ್ರ ಉಳಿದಿತ್ತು. ನಡುವಿನ ಉದ್ದುದ್ದ ಹೆಸರುಗಳೆಲ್ಲ ಒಂದಕ್ಕೊಂದು ಕೂಡಿಕೊಂಡು ಇರುವೆಗಳ ಹಾಗೆ ಹರಿದಾಡಿದವು. ಓದಲು ಬಂದದ್ದು ಒಂದೇ ಹೆಸರು. ಎರಡೇ ಅಕ್ಷರ, ಅತ್ತಿತ್ತ ಖಾಲಿ ಜಾಗ, ನಟ್ಟನಡುವೆ. ಮೇಲಿನ ಮಹಡಿಯ ಅಲಮೇಲು ಮಾಮಿ, ಮೈಸೂರಿನ ಕಡೆಯವರು, ಒಳ್ಳೆಯ ಮನಸ್ಸಿನಿಂದಲೇ ಕೇಳಿದರು: "ಏನ್ರೀ, ಹುಡುಗಿ ತಂದೆ ಹೆಸರು ದೂಜ ಅಂತಲೇ? ನಿಮ್ಮನ್ನ ಎಲ್ಲಾರೂ ಸದಾನಂದ್ ಅಂತಾರಲ್ಲ?" ಶೀಲಾವತಿ ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಹೋದಳು. ಅಳಲು ಹೋದದ್ದಲ್ಲ.

ಅಡುಗೆಮನೆಯಿಂದ ಬಂದವಳು ನನ್ನನ್ನು ಒಂದು ಮಾತೂ ಕೇಳದೆ ಗೋರೆಗಾಂವ್‌ಗೆ ಫೋನ್ ಮಾಡಿದಳು. ಮರುದಿನ ಬೆಳಿಗ್ಗೆ ದೂಜ ಒಂದು ಪುಟ್ಟ ಟಿವಿಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಲೋಕಲ್‌ನಲ್ಲಿ ಬಂದ. ನಗಲಿಲ್ಲ. ನಕ್ಕಿದ್ದರೆ ಉಪಕಾರವಾಗುತ್ತಿತ್ತು, ಬಯ್ಯಲು ಕಾರಣ ಸಿಗುತ್ತಿತ್ತು. ಆ ಟಿವಿಯನ್ನು ಪರದೆಯ ಪಕ್ಕದಲ್ಲಿಟ್ಟು, ನನ್ನ ಸಾವಿರದ ಇಪ್ಪತ್ತನಾಲ್ಕನ್ನು ಆರುನೂರ ನಲವತ್ತಕ್ಕೆ ಇಳಿಸಿದ. ನಿನ್ನದೇ ಎಂಟುನೂರು ಅಲ್ಲವೇ ಎಂದು ಕೇಳಿದೆ. "ಅದು ಪೋಸ್ಟರಿನ ಕೆಲಸಕ್ಕೆ ಮಾರಾಯ. ಮದುವೆಗೆಲ್ಲ ಈಗಲೂ ಹಳೇದೇ, ಹಿಂದಿನ ಕೋಣೆಯಲ್ಲಿ ಉಂಟು" ಎಂದ. ಅಂದರೆ ನಾನು ನಿದ್ದೆಗೆಟ್ಟದ್ದು ನಮ್ಮ ಕೆಲಸಕ್ಕೆ ಸಂಬಂಧವೇ ಇಲ್ಲದ ಪರದೆಯ ಮೇಲೆ. ಇದನ್ನು ಅವನು ಅಂದೇ ಚಹಾ ಕಲಕುವಾಗ ಹೇಳಬಹುದಿತ್ತು. ಹೇಳಲಿಲ್ಲ. ಅವನ ಗುಣ ಅದೇ, ನಿನಗೆ ಕಾಣುವುದಿಲ್ಲ.

ಹೆಸರುಗಳನ್ನು ಹತ್ತಾರು ಪುಟಕ್ಕೆ ಹಂಚಿ, ಅಕ್ಷರ ದಪ್ಪ ಮಾಡಿ, ನಾಲ್ಕೂ ಕಡೆ ಜಾಗ ಬಿಟ್ಟ. ನನ್ನ ಹೆಸರನ್ನೂ ತನ್ನ ಹೆಸರನ್ನೂ ಅಕ್ಕಪಕ್ಕ, ಒಂದೇ ದಪ್ಪಕ್ಕೆ ಹಾಕಿದ. ಅವನು ಕೈ ತೊಳೆಯಲು ಹೋದಾಗ ನಾನು ಅಳೆದು ನೋಡಿದೆ. ಮೊದಲ ಪುಟದಲ್ಲಿ ನಿನ್ನ ಹೆಸರೊಂದೇ. ಕಡುನೀಲಿಯ ಮೇಲೆ ಹಳದಿ, ಪರದೆಯ ತುಂಬ. "ಅಮ್ಮನ ಕಣ್ಣಿಗೆ ಇಷ್ಟು ದೊಡ್ಡದಾದ್ರೆ ಸಿಕ್ಕೀತು" ಎಂದ. ನನಗೂ ಅದೇ ಹೊಳೆದಿತ್ತು, ಮೊದಲು ಬಾಯಿ ಬಿಟ್ಟವನು ಅವನು. ಕೆಲಸ ಮುಗಿದ ಮೇಲೆ ಮಾತ್ರ ಅವನು ಏಳಲಿಲ್ಲ. ಪರದೆಯನ್ನು ಮತ್ತೆ ಸಾವಿರದ ಇಪ್ಪತ್ತನಾಲ್ಕಕ್ಕೆ ಏರಿಸಿ, ಗಾಜಿನ ಮೇಲಿನ ಧೂಳನ್ನು ತನ್ನ ಅಂಗಿಯ ತೋಳಿನಿಂದ ಒರೆಸುತ್ತ, "ಇಷ್ಟರದ್ದು ನನ್ನ ಹತ್ರ ಇಲ್ಲ" ಎಂದ. ಅಮ್ಮಾ, ಈ ವರ್ಷ ನನ್ನ ಕಿವಿಗೆ ಬಿದ್ದ ಅತ್ಯಂತ ಇಂಪಾದ ಮಾತು ಅದು. ಅವನಿಗೆ ಇನ್ನೊಂದು ಚಹಾ ತರಿಸಿದೆ.

ಕ್ಯಾಸೆಟ್ಟನ್ನು ಶನಿವಾರದ ಉಡುಪಿ ಬಸ್ಸಿನ ಡ್ರೈವರನ ಕೈಯಲ್ಲಿ ಕಳಿಸುತ್ತೇನೆ. ಪ್ರಫುಲ್ಲಾ, ಅಮ್ಮನನ್ನು ಟಿವಿಯ ಹತ್ತಿರವೇ ಕೂರಿಸು, ಮೊದಲ ಪುಟದ ಹಳದಿ ಕಂಡಿತೋ ಇಲ್ಲವೋ ಕೇಳಿ ಬರೆ. ಶೀಲಾವತಿಯ ನಮಸ್ಕಾರಗಳು, ಸುಗಂಧಿಯೂ ಅಳಿಯನೂ ನಿನ್ನ ಆಶೀರ್ವಾದ ಬೇಡಿದ್ದಾರೆ. ಮನೆದೈವ ನಿನ್ನನ್ನು ಕಾಯಲಿ.

ನೀನು ಹೆತ್ತ ಮಗ,
ಸದಾನಂದ

ಲಕೋಟೆಗೆ ಅಂಟು ಹಚ್ಚುವ ಮೊದಲು: ಪರದೆ ಈಗ ಗೋರೆಗಾಂವ್‌ನಲ್ಲಿದೆ. ದಾನ ಕೊಟ್ಟದ್ದಲ್ಲ. ಆ ಚಹಾದ ಹೊತ್ತಿಗೆ ದೂಜನಿಗೆ, ಪರದೆ ನೀನು ಇಟ್ಟುಕೋ, ಆಪರೇಷನ್ನಿಗೆ ಬಂದಾಗ ಅಮ್ಮ ನನ್ನಲ್ಲಿರಲಿ ಎಂದೆ. "ಅಮ್ಮನನ್ನು ಡಬ್ಬಿಗೆ ಬದಲಿ ಮಾಡುದಾ?" ಎಂದು ಕೆಂಡವಾದ, ಉಳಿದ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿದ. ಮತ್ತೊಮ್ಮೆ ಪರದೆಯ ಕಡೆ ನೋಡಿದ. ಅವನೂ ಅದೇ ಹಾಲು ಕುಡಿದವನಲ್ಲವೇ, ಕೊನೆಗೆ ವ್ಯಾಪಾರ ಹೀಗೆ ಕುದುರಿತು: ಬಲಗಣ್ಣು ನನಗೆ, ಮುಂದಿನ ವರ್ಷ ಎಡಗಣ್ಣಿನ ಆಪರೇಷನ್ ಆದಾಗ ಅವನಿಗೆ. ಆದ್ದರಿಂದ ನೀನು ಬೈಕುಲ್ಲಾಕ್ಕೇ ಬರುವುದು. ಮೆಟ್ಟಿಲಿನ ಚಿಂತೆ ಬೇಡ, ಕೆಳಗೆ ಸ್ಟುಡಿಯೊದಲ್ಲಿ ಪರದೆ ಇದ್ದ ಜಾಗದಲ್ಲಿ ನಿನ್ನ ಮಂಚ ಹಾಕಿಸಿದ್ದೇನೆ. ಪಟ್ಟಿ ಬಿಚ್ಚುವ ದಿನ ತಾನೂ ಬರುತ್ತೇನೆ ಎಂದು ದೂಜ ಷರತ್ತು ಹಾಕಿದ್ದಾನೆ, ಒಪ್ಪಿದ್ದೇನೆ. ಪ್ರಫುಲ್ಲಾ, ಇನ್ನು ಮುಂದಿನದನ್ನು ಅಮ್ಮನ ಕಿವಿಯ ಹತ್ತಿರ ಓದು. ಅಮ್ಮಾ, ಅವನು ಎಡಕ್ಕೆ ನಿಂತಿರುತ್ತಾನೆ. ನೀನು ಕಣ್ಣು ಬಿಟ್ಟ ಕೂಡಲೇ ಮೊದಲು ಬಲಕ್ಕೆ ತಿರುಗು.