ಭಾವ ಆರಿಸಿದ ಮಸೆಗಲ್ಲು

ತಿಪಟೂರು, ೧೨-೧-೧೯೭೮

ಅಕ್ಕನಿಗೆ ನಮಸ್ಕಾರ.

ಸ್ಕೌಟ್ ಕ್ಯಾಂಪಿನ ಅಡುಗೆ ಚಾಕುಗಳು ಮೊಂಡಾದವೆಂದು, ಚೀಲದಲ್ಲಿ ಒಯ್ಯಬಹುದಾದ ಚಿಕ್ಕ ಮಸೆಗಲ್ಲು ಕೊಳ್ಳಲು ಭಾವನೂ ನಾನೂ ಪೇಟೆಗೆ ಬಂದೆವು. ಈ ತೆಂಗಿನ ತೋಟದವರು ಕಲ್ಲು ಕೊಳ್ಳುವ ಮುಂಚೆ ಅದರ ಮೇಲೆ ಚಾಕು ಮಸೆದು, ಮುಂಗೈ ಕೂದಲು ಬೋಳಿಸಿ ನೋಡುತ್ತಾರೆ. ಭಾವನೂ ಹಾಗೇ ನೋಡಿ ನೋಡಿ ಎರಡೂ ಕೈ ನುಣ್ಣಗಾದವು. ಕೊನೆಯ ಕಲ್ಲಿನ ಮೇಲೆ ಮಸೆದ ಚಾಕುವನ್ನು ಮೀಸೆಯ ತುದಿಗೇ ಹಿಡಿದರು. "ಬ್ಯಾಡ ಬುಡಿ ಮೇಷ್ಟ್ರೇ, ಅದು ಒಳ್ಳೇ ಕಲ್ಲು ಕಣ್ರೀ!" ಎಂದು ಅಂಗಡಿಯ ರೇವಣಸಿದ್ದಯ್ಯ ಕೂಗುವಷ್ಟರಲ್ಲಿ ಅರ್ಧ ಮೀಸೆ ತಕ್ಕಡಿಗೆ ಬಿದ್ದಿತ್ತು. ಆ ಕಲ್ಲನ್ನೇ ಕೊಂಡೆವು.

ಗಾಯವೇನಿಲ್ಲ, ಗಾಬರಿಯಾಗಬೇಡ. ಊರಲ್ಲಿ ಯಾರಿಗೂ ಹೇಳಕೂಡದೆಂದು ಭಾವ ಆಣೆ ಹಾಕಿಸಿಕೊಂಡಿದ್ದಾರೆ. ನಾನು ಹೇಳಿಲ್ಲ, ಕಾರ್ಡಿನಲ್ಲಿ ಬರೆದಿದ್ದೇನೆ ಅಷ್ಟೆ. ಪೋಸ್ಟ್‌ಮ್ಯಾನ್ ಪುಟ್ಟಮಾದಯ್ಯ ದಾರಿಯುದ್ದಕ್ಕೂ ಓದಿ ಹೇಳಿ ಮುಗಿಸಿದ ಮೇಲೆ ನಿನಗೆ ಕೊಡುತ್ತಾನೆ.

ಬಸ್ಸು ಬಂತು.
ನಿನ್ನ ತಮ್ಮ ಚಂದ್ರಮೌಳಿ