ಚೀಟಿಯ ಮೇಲಿನ ನಕ್ಷತ್ರ

ಬುಧವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದ ಸಿಕ್ಕಿತು. ನಾನು ತೊಟ್ಟಿಲಲ್ಲಿದ್ದಾಗಲೋ ಏನೋ ಬಿಟ್ಟುಹೋದ ಅಪ್ಪ ಈಗ ಮನೆಗೆ ಬರುತ್ತೇನೆ ಎಂದರಂತೆ. ಅಮ್ಮ, ‘ಚಿಕ್ಕವಳು ಏನಂತಾಳೋ ಹಾಗೆ’ ಎಂದರಂತೆ. ನೀನು ಮಾತ್ರ, ‘ಮತ್ತೆ ಹೋಗೋನಿಗೆ ತಟ್ಟೆ ಯಾಕಿಡೋದು, ಬೇಡ ಅನ್ನು’ ಎಂದಿದ್ದೀಯ. ನನಗೆ ತಲೆಬುಡ ತಿಳಿಯುತ್ತಿಲ್ಲ.

ಇಲ್ಲಿ ಕೆಲಸವೂ ಹಾಗೇ. ಇಟಲಿಯಲ್ಲಿ ಬಹಳ ಹಿಂದೆ ಇದ್ದವರು ಹಂದಿ, ಕುರಿ, ಎತ್ತನ್ನು ಏನೆಂದು ಕರೆಯುತ್ತಿದ್ದರೆಂದು ಮೇಷ್ಟ್ರು ಹುಡುಕುತ್ತಾರೆ. ನಾನು ಅದನ್ನು ಚೀಟಿಗಳ ಮೇಲೆ ದುಂಡಗೆ ನಕಲು ಮಾಡುತ್ತೇನೆ. ಒಂದು ಕಡೆಯವರು ಹಂದಿಗೆ ‘ಪೋರ್ಕುಸ್’ ಎಂದು ಬರೆದಿಟ್ಟಿದ್ದಾರೆ, ಪಕ್ಕದವರು ‘ಪುರ್ಕಾ’ ಎಂದು. ಅವು ಅಕ್ಕತಂಗಿಯರಂತೆ. ಮೇಷ್ಟ್ರು ಇಬ್ಬರ ಮುಖ ನೋಡಿ ಇಲ್ಲದ ತಾಯಿಯ ಮುಖ ಬರೆಯುತ್ತಾರೆ: ‘ಪೋರ್ಕೋಸ್’. ಒಂದು ಹಂದಿಗೆ ಇಷ್ಟು ಕಷ್ಟ ಯಾಕೋ!

ಮೊನ್ನೆ ಎಡವಟ್ಟಾಯಿತು. ಶಾಲೆಯಲ್ಲಿ ಸರಿಯುತ್ತರಕ್ಕೆ ನಕ್ಷತ್ರ ಹಾಕುತ್ತಿದ್ದರಲ್ಲ, ಹಾಗೆ ಆ ಕಾಲದವರೇ ಕಂಚಿನ ಹಲಗೆಯ ಮೇಲೆ ಕೊರೆದಿಟ್ಟ ಪದಗಳಿಗೆಲ್ಲ ನಾನೂ ಒಂದೊಂದು ಹಾಕಿಬಿಟ್ಟೆ. ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತರು. “ಅಯ್ಯೋ ತಾಯಿ, ನಕ್ಷತ್ರ ಅಂದ್ರೆ ಶಹಬ್ಬಾಸ್ ಅಲ್ಲ! ಇದನ್ನ ಯಾರೂ ಕಿವಿಯಾರೆ ಕೇಳಿಲ್ಲ, ಎಲ್ಲೂ ಬರೆದಿಟ್ಟಿಲ್ಲ, ನಾವೇ ಕಟ್ಟಿದ್ದು ಅಂತ!”

“ಹಾಗಾದ್ರೆ ಸುಳ್ಳಾ, ಸರ್?” ಎಂದೆ.

“ಸುಳ್ಳಲ್ಲ. ನಿಜ ಅನ್ನೋಕೆ ಧೈರ್ಯ ಇಲ್ಲ. ಆಗಿನ ಹಂದಿ ಕಾಯೋನು ಒಬ್ಬ ಎದ್ದು ಬಂದು ಒಂದ್ಸಲ ಕೂಗಿದ್ರೆ ಇವನ್ನೆಲ್ಲ ಖುಷಿಯಾಗಿ ಹರಿದು ಹಾಕ್ತೀನಿ” ಎಂದರು.

ಅಂದಿನಿಂದ ಎಲ್ಲೆಲ್ಲೂ ನಕ್ಷತ್ರವೇ. ಅಪ್ಪ ಕುರಿಗಳನ್ನು ಕರೆಯುತ್ತಿದ್ದ ಕೂಗು ನನಗೆ ನೆನಪಿದೆ ಎನ್ನುತ್ತೇನಲ್ಲ? ನೀನು ಕರೆಯುವಾಗ ಕೊನೆಯನ್ನು ಎಳೆಯುತ್ತೀಯ, ಅಮ್ಮ ಮೊದಲು ನಾಲಿಗೆ ಲೊಚಗುಟ್ಟುತ್ತಾರೆ. ನನ್ನ ಕಿವಿಯಲ್ಲಿರುವ ಕೂಗಿನಲ್ಲಿ ಎರಡೂ ಇವೆ. ಅದು ನೆನಪೋ, ನಾನೇ ಕಟ್ಟಿಕೊಂಡಿದ್ದೋ? ಅಪ್ಪ ಎಂದು ನನ್ನ ಬಳಿ ಇರುವುದು ಅದೊಂದೇ. ಬಾ ಎನ್ನಲೂ ಬೇಡ ಎನ್ನಲೂ ಬಾಯಿ ಬರುತ್ತಿಲ್ಲ.

ಬೈಯಬೇಡ. ಭಾನುವಾರ ಬರುತ್ತೇನೆ.

ನಿನ್ನ ಪೆದ್ದು ತಂಗಿ

ಮರೆತೆ: ಅವತ್ತು ಅಪ್ಪನನ್ನೂ ಬರಹೇಳು. ಮೊದಲು ಕುರಿದೊಡ್ಡಿಯ ಹತ್ತಿರ ನಿಲ್ಲಿಸಿ ಕುರಿಗಳನ್ನು ಕರೆಯಲು ಹೇಳು. ನಾನು ಬಾಗಿಲ ಹಿಂದೆ ಇರುತ್ತೇನೆ. ಕೂಗು ಬೇರೆಯೇ ಆಗಿದ್ದರೆ ನನ್ನದಕ್ಕೆ ನಕ್ಷತ್ರ ಹಾಕಿಕೊಳ್ಳುತ್ತೇನೆ. ಬಾಗಿಲು ಮಾತ್ರ ನಾನೇ ತೆಗೆಯುತ್ತೇನೆ.